ಹಾಲಿನಕ್ಕನ ಸ್ಕೂಟರ್

ನಮ್ಮ ಸಂಜೆ ತರಗತಿಗೆ ಒಬ್ಬ ಅಕ್ಕ ಬರುತ್ತಾರೆ. ಊರಿನವರೆಲ್ಲ ಅವರನ್ನು ಹಾಲಿನಕ್ಕ ಎನ್ನುತ್ತಾರೆ. ದಿನಾ ಬೆಳಗ್ಗೆ ಎರಡು ಕ್ಯಾನ್ ಹಾಲು ಕಟ್ಟಿಕೊಂಡು ಚನ್ನರಾಯಪಟ್ಟಣಕ್ಕೆ ಹೋಗುತ್ತಾರೆ. ಮನೆಮನೆಗೆ ಹಾಲು ಹಾಕಿ ಬರುತ್ತಾರೆ. ಅವರ ಗಾಡಿ ಹಳೆಯ ಬಜಾಜ್ ಚೇತಕ್. ಗಂಡ ಓಡಿಸುತ್ತಿದ್ದ ಗಾಡಿ. ಅವರು ತೀರಿಕೊಂಡ ಮೇಲೆ ಅಕ್ಕನೇ ಓಡಿಸಲು ಕಲಿತರು.

ಚೇತಕ್ ಸ್ಕೂಟರ್ ಮೊದಲು ಬಂದದ್ದು 1972ರಲ್ಲಿ. ನಮ್ಮ ಅಪ್ಪಂದಿರ ಕಾಲದಲ್ಲಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. 2020ರಲ್ಲಿ ಅದೇ ಹೆಸರಿನ ಬ್ಯಾಟರಿ ಸ್ಕೂಟರ್ ಬಂತು. ಅದಕ್ಕೆ ಪೆಟ್ರೋಲೂ ಬೇಡ, ಕಾರ್ಬುರೇಟರೂ ಇಲ್ಲ. ಅಕ್ಕನದು ಹಳೆಯ ಗಾಡಿ. ಕಿಕ್ ಹೊಡೆಯಬೇಕು, ಗೇರ್ ಹಾಕಬೇಕು.

ಒಂದು ಸಂಜೆ ಅಕ್ಕ ತರಗತಿಗೆ ತಡವಾಗಿ ಬಂದರು. ಮುಖ ಸಪ್ಪಗಿತ್ತು.

"ಮೂರು ದಿನದಿಂದ ಮನೆಯೆಲ್ಲ ಪೆಟ್ರೋಲ್ ವಾಸನೆ, ಟೀಚರಮ್ಮ. ಬೆಳಗ್ಗೆ ಎದ್ದು ನೋಡಿದ್ರೆ ಗಾಡಿ ಕೆಳಗೆ ಒದ್ದೆ."

"ಗಾಡಿ ಎಲ್ಲಿ ನಿಲ್ಲಿಸ್ತೀರಿ?"

"ನಡುಮನೇಲಿ. ಹೊರಗೆ ಬಿಟ್ರೆ ಯಾರಾದ್ರೂ ಹೊಡ್ಕೊಂಡು ಹೋಗ್ತಾರೆ."

"ಒಲೆ ಎಲ್ಲಿದೆ?"

"ಅಲ್ಲೇ, ಗೋಡೆ ಆಚೆ."

ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟೆ. ಅವತ್ತು ಬರೆಯುವ ಪಾಠ ಬಿಟ್ಟು ಇದೇ ಪಾಠ ಮಾಡಿದೆವು.

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಹೊಗೆಯ ಹಾಗೆ ಮೇಲಕ್ಕೆ ಹೋಗುವುದಿಲ್ಲ. ನೀರಿನ ಹಾಗೆ ನೆಲದ ಮೇಲೆ ಹರಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಹೊಸಿಲು ದಾಟಿ ಒಲೆಯ ತನಕ ಹೋಗಬಲ್ಲದು. ದೇವರ ದೀಪದ ತನಕವೂ ಹೋಗಬಲ್ಲದು. ನಮ್ಮ ಕಣ್ಣಿಗೆ ಮಾತ್ರ ಕಾಣುವುದಿಲ್ಲ.

ಮನೆಯಲ್ಲಿ ಪೆಟ್ರೋಲ್ ವಾಸನೆ ಬಂದರೆ ಬೆಂಕಿಕಡ್ಡಿ ಗೀರಬೇಡಿ. ಲೈಟಿನ ಸ್ವಿಚ್ ಕೂಡ ಮುಟ್ಟಬೇಡಿ. ಸ್ವಿಚ್ಚಿನಲ್ಲಿ ಸಣ್ಣ ಕಿಡಿ ಹಾರುತ್ತದೆ, ಅಷ್ಟೇ ಸಾಕು. ಮಕ್ಕಳನ್ನು ಹೊರಗೆ ಕಳಿಸಿ. ಬಾಗಿಲು ಕಿಟಕಿ ತೆರೆಯಿರಿ. ಗಾಡಿಯ ಪೆಟ್ರೋಲ್ ಕಾಕ್ ಮುಚ್ಚಿ, ಸ್ಟಾರ್ಟ್ ಮಾಡದೆ ಹೊರಗೆ ತಳ್ಳಿ. ಚೆಲ್ಲಿದ ಜಾಗಕ್ಕೆ ನೀರು ಹೊಯ್ಯಬೇಡಿ. ಪೆಟ್ರೋಲ್ ನೀರಿನ ಮೇಲೆ ತೇಲಿಕೊಂಡು ಇನ್ನೂ ದೂರ ಹೋಗುತ್ತದೆ. ಮಣ್ಣು ಹಾಕಿ.

ಅವತ್ತು ರಾತ್ರಿ ಅಕ್ಕನ ಗಾಡಿ ಹಿತ್ತಲಲ್ಲಿ ಮಲಗಿತು. ಚಕ್ರಕ್ಕೆ ಸರಪಳಿ, ಬೀಗ. ಕಾವಲಿಗೆ ನಾಯಿ.

ಮಾರನೆಯ ದಿನ ಪಟ್ಟಣದ ಗ್ಯಾರೇಜಿನಲ್ಲಿ ತೋರಿಸಿದರು. ಹಳೆಯ ಕಾರ್ಬುರೇಟರ್ ಪೂರ್ತಿ ಸವೆದಿದೆ, ಬದಲಿಸಬೇಕು ಎಂದರು. ಒಳ್ಳೆ ಕಂಪನಿಯದಕ್ಕೆ ದುಡ್ಡು ಜಾಸ್ತಿ. ಅದರ ಅರ್ಧಕ್ಕಿಂತ ಕಡಿಮೆಗೆ ಇನ್ನೊಂದು ಇತ್ತು. ಅಕ್ಕ ಅದನ್ನೇ ತಂದರು. ಯಾರಾದರೂ ಅದನ್ನೇ ತರುತ್ತಿದ್ದರು.

"ಭಾನುವಾರ ನಮ್ಮ ಮನೆ ಅಂಗಳಕ್ಕೆ ತನ್ನಿ, ಹಾಕೋ ಮುಂಚೆ ಒಂದು ಸಲ ಬಿಚ್ಚಿ ನೋಡೋಣ" ಎಂದೆ. ನನಗೆ ಈ ಕೆಲಸ ಗೊತ್ತು. ನನ್ನ ಅಪ್ಪನ ಹತ್ತಿರವೂ ಚೇತಕ್ ಇತ್ತು. ಭಾನುವಾರ ಅಪ್ಪ ಕಾರ್ಬುರೇಟರ್ ತೊಳೆಯುವಾಗ ಪಾಲಿಶ್ ಡಬ್ಬಿಯ ಮುಚ್ಚಳದಲ್ಲಿ ಸ್ಕ್ರೂ ಹಿಡಿದು ಕೂರುವುದು ನನ್ನ ಕೆಲಸ. ಗ್ಯಾರೇಜಿನ ಅಣ್ಣನನ್ನೂ ಕರೆದೆವು. "ಹೆಂಗಸರು ಕಾರ್ಬುರೇಟರ್ ಬಿಚ್ಚೋದಾ?" ಎಂದು ನಕ್ಕರು. ಆದರೂ ಬಂದರು.

ಕಾರ್ಬುರೇಟರ್ ಎಂದರೆ ಏನು? ಪಂಪ್ ಸ್ಟೌ ನೋಡಿದ್ದೀರಲ್ಲ. ಅದರ ನಿಪ್ಪಲ್ಲಿನಲ್ಲಿ ಒಂದು ಸಣ್ಣ ತೂತು. ಅದರಿಂದ ಸೀಮೆಎಣ್ಣೆ ಚಿಮ್ಮುತ್ತದೆ, ಗಾಳಿ ಜೊತೆ ಸೇರಿ ಉರಿಯುತ್ತದೆ. ತೂತು ಕಟ್ಟಿದರೆ ಪಿನ್ ಹಾಕುತ್ತಿದ್ದೆವು. ಕಾರ್ಬುರೇಟರ್ ಕೆಲಸವೂ ಅಂಥದ್ದೇ. ಪೆಟ್ರೋಲನ್ನೂ ಗಾಳಿಯನ್ನೂ ಹದವಾಗಿ ಬೆರೆಸಿ ಎಂಜಿನ್ನಿಗೆ ಕಳಿಸುವುದು. ಇದರಲ್ಲಿ ನಿಪ್ಪಲ್ ಬದಲು ಜೆಟ್ ಇದೆ. ಹಿತ್ತಾಳೆಯದು, ನಡುವೆ ಸಣ್ಣ ತೂತು.

ಇನ್ನೊಂದು ಭಾಗ ಫ್ಲೋಟ್. ಮನೆ ಮೇಲಿನ ನೀರಿನ ಟ್ಯಾಂಕಿನಲ್ಲಿ ಒಂದು ಗುಂಡು ತೇಲುತ್ತದೆ ನೋಡಿ. ನೀರು ತುಂಬಿದಾಗ ಗುಂಡು ಮೇಲೆ ಬರುತ್ತದೆ, ನಲ್ಲಿ ನಿಲ್ಲುತ್ತದೆ. ಕಾರ್ಬುರೇಟರಿನ ಫ್ಲೋಟ್ ಕೂಡ ಹಾಗೆಯೇ. ಪೆಟ್ರೋಲ್ ತುಂಬಿದರೆ ಮೇಲೆದ್ದು ಒಂದು ಸೂಜಿಯನ್ನು ಒತ್ತುತ್ತದೆ. ಸೂಜಿ ದಾರಿ ಮುಚ್ಚುತ್ತದೆ. ಸೂಜಿಯ ತುದಿ ಸವೆದರೆ ದಾರಿ ಮುಚ್ಚುವುದಿಲ್ಲ. ಪೆಟ್ರೋಲ್ ತುಂಬಿ ಹರಿದು ತೊಟ್ಟಿಕ್ಕುತ್ತದೆ. ಅಕ್ಕನ ನಡುಮನೆ ಒದ್ದೆಯಾದದ್ದು ಹೀಗೆ.

ಇಲ್ಲಿ ಒಂದು ಮಾತು. ಸೋರುವುದು ಒಂದೇ ತೊಂದರೆ ಆಗಿದ್ದರೆ ಇಡೀ ಕಾರ್ಬುರೇಟರ್ ಬದಲಿಸುವುದು ಬೇಡ. ಸೂಜಿ ಬದಲಿಸಿದರೆ ಸಾಕು. ಅದಕ್ಕೆ ಸ್ವಲ್ಪವೇ ದುಡ್ಡು. ಮೊದಲು ಅದನ್ನು ಕೇಳಿ. ಅಕ್ಕನ ಗಾಡಿಯಲ್ಲಿ ಕಾರ್ಬುರೇಟರಿನ ತಳವೇ ಬಾಗಿತ್ತು, ಒಳಗಿನ ಸ್ಲೈಡ್ ಅಲ್ಲಾಡುತ್ತಿತ್ತು. ಹಾಗಾಗಿ ಬದಲಿಸಲೇಬೇಕಿತ್ತು.

ಭಾನುವಾರ ಹತ್ತು ಗಂಟೆಗೆ ಶುರು ಮಾಡಿದೆವು. ಬಯಲಲ್ಲಿ, ಒಲೆಯಿಂದ ದೂರ. ಬೀಡಿ ಇಲ್ಲ. ಎಂಜಿನ್ ಪೂರ್ತಿ ಆರಿತ್ತು. ಪಕ್ಕದಲ್ಲಿ ಒಂದು ಬಾಂಡ್ಲಿ ಮರಳು. ಕಾಕ್ ಮುಚ್ಚಿದೆವು. ನೆಲಕ್ಕೆ ಬಿಳಿ ಪಂಚೆ ಹಾಸಿದೆವು. ಬಿಳಿ ಬಟ್ಟೆ ಏಕೆಂದರೆ ಸಣ್ಣ ಸಾಮಾನು ಬಿದ್ದರೆ ಕಾಣಬೇಕು.

ಚೇತಕ್ ಗಾಡಿಯ ಬಲಗಡೆಯ ಉಬ್ಬಿದ ಮುಚ್ಚಳ ತೆಗೆದರೆ ಎಂಜಿನ್ ಕಾಣುತ್ತದೆ. ಅದರ ಮೇಲೆ ಒಂದು ಪೆಟ್ಟಿಗೆ. ಪೆಟ್ಟಿಗೆಯ ಮುಚ್ಚಳ ತೆಗೆದರೆ ಏರ್ ಫಿಲ್ಟರ್. ಅದರ ಕೆಳಗೆ ಕಾರ್ಬುರೇಟರ್. ಆಕ್ಸಿಲರೇಟರ್ ಕೇಬಲ್, ಚೋಕ್ ಕೇಬಲ್, ಪೆಟ್ರೋಲ್ ಪೈಪ್ ಬಿಡಿಸಬೇಕು. ಕೊನೆಗೆ ಎರಡು ಉದ್ದ ಬೋಲ್ಟ್. ಕಾರ್ಬುರೇಟರ್ ಎತ್ತಿದ ಕೂಡಲೇ ಕೆಳಗಿನ ತೂತಿಗೆ ಶುದ್ಧ ಬಟ್ಟೆ ತುರುಕಿ. ಅದು ಎಂಜಿನ್ನಿನ ಬಾಯಿ. ಒಂದು ವಾಷರ್ ಒಳಗೆ ಬಿದ್ದರೂ ಎಂಜಿನ್ ಬಿಚ್ಚಬೇಕಾಗುತ್ತದೆ.

ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟೆವು. ನೋಡುವುದಕ್ಕೆ ಅಣ್ಣತಮ್ಮಂದಿರ ಹಾಗೆ. ಹೊಸದು ಫಳಫಳ ಹೊಳೆಯುತ್ತಿತ್ತು.

"ಒಳಗೆ ನೋಡೋಣ" ಎಂದೆ.

ಮೇನ್ ಜೆಟ್ ಒಂದು ಕಡ್ಡಿಯ ಹಾಗೆ ಬರುತ್ತದೆ. ಮೂರು ತುಂಡು, ಒಂದಕ್ಕೊಂದು ಸಿಕ್ಕಿಸಿರುತ್ತದೆ. ಮೇಲಿನದು ಗಾಳಿಯ ಜೆಟ್. ನಡುವೆ ಸಣ್ಣ ಸಣ್ಣ ತೂತಿನ ಕೊಳವೆ. ತುದಿಯದು ಪೆಟ್ರೋಲ್ ಜೆಟ್. ಎಲ್ಲದರ ಮೇಲೂ ನಂಬರ್ ಒತ್ತಿರುತ್ತಾರೆ. ಎಳ್ಳು ಕಾಳಿನಷ್ಟು ಸಣ್ಣ ಅಕ್ಷರ. ಅಣ್ಣನಿಗೆ ಕಾಣಲಿಲ್ಲ. ನಾನು ಜೆಟ್ ಮೇಲೆ ಸೀಮೆಸುಣ್ಣ ಉಜ್ಜಿ ಬೆರಳಿನಿಂದ ಒರೆಸಿದೆ. ಅಂಕಿಯ ಗೆರೆಯಲ್ಲಿ ಸುಣ್ಣ ಉಳಿದು ಬೆಳ್ಳಗೆ ಕಂಡಿತು. ಅಕ್ಕನ ಕೈಗೆ ಕೊಟ್ಟೆ.

ಅಕ್ಕ ಬಿಸಿಲಿಗೆ ಹಿಡಿದರು. "ಒಂದು... ಸೊನ್ನೆ... ಸೊನ್ನೆ. ನೂರು!"

ಅದು ಹಳೆಯದು. ಈಗ ಹೊಸದು. "ಒಂಬತ್ತು, ಐದು. ತೊಂಬತ್ತೈದು."

ಇಬ್ಬರೂ ಅಣ್ಣನ ಮುಖ ನೋಡಿದೆವು.

"ಅದೇ ಒಳ್ಳೇದು ಮೇಡಂ. ಸಣ್ಣ ಜೆಟ್ ಹಾಕಿದ್ರೆ ಮೈಲೇಜ್ ಬರುತ್ತೆ" ಎಂದರು.

ಈ ಮಾತನ್ನು ತುಂಬಾ ಜನ ಹೇಳುತ್ತಾರೆ. ಕೇಳುವುದಕ್ಕೂ ಚೆನ್ನಾಗಿದೆ. ಸ್ವಲ್ಪ ಲೆಕ್ಕ ಮಾಡೋಣ.

ಮಕ್ಕಳ ಸ್ಕೇಲ್ ತೆಗೆದುಕೊಳ್ಳಿ. ಅದರಲ್ಲಿ ಎರಡು ಸಣ್ಣ ಗೆರೆಗಳ ನಡುವೆ ಇರುವುದು ಒಂದು ಮಿಲಿಮೀಟರ್. ಅದನ್ನು ನೂರು ಭಾಗ ಮಾಡಿ. ಜೆಟ್ ನಂಬರ್ 100 ಎಂದರೆ ತೂತಿನ ಅಗಲ ಅಂಥ ನೂರು ಭಾಗ, ಅಂದರೆ ಪೂರ್ತಿ ಒಂದು ಮಿಲಿಮೀಟರ್. 95 ಎಂದರೆ ತೊಂಬತ್ತೈದು ಭಾಗ. ಅಗಲ ನೂರಕ್ಕೆ ಐದು ಕಡಿಮೆ. ಆದರೆ ತೂತು ದುಂಡಗಿದೆ. ಹಾಗಾಗಿ ಹಾದುಹೋಗುವ ಪೆಟ್ರೋಲ್ ನೂರಕ್ಕೆ ಸುಮಾರು ಹತ್ತು ಕಡಿಮೆಯಾಗುತ್ತದೆ.

ಹತ್ತು ಭಾಗ ಉಳಿಯಿತಲ್ಲ ಎಂದು ಖುಷಿಪಡಬೇಡಿ. ಈ ಹಳೆಯ ಗಾಡಿಯಲ್ಲಿ ಎಂಜಿನ್ ಒಳಗೆ ಎಣ್ಣೆ ಹೋಗುವುದು ಪೆಟ್ರೋಲ್ ಜೊತೆಗೇ. ಬಂಕಿನಲ್ಲಿ 2ಟಿ ಆಯಿಲ್ ಬೆರೆಸಿ ಹಾಕಿಸುತ್ತೇವಲ್ಲ, ಅದು. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಎಂಜಿನ್ ಬಿಸಿಯೂ ಏರುತ್ತದೆ. ಎಣ್ಣೆ ಕಡಿಮೆ ಹಾಕಿ ಉರಿ ಜಾಸ್ತಿ ಮಾಡಿದರೆ ಕಾವಲಿಗೆ ದೋಸೆ ಹಿಡಿಯುತ್ತದೆ. ಇಲ್ಲಿ ಪಿಸ್ಟನ್ ಹಿಡಿಯುತ್ತದೆ. ಗಾಡಿ ಓಡುತ್ತಿರುವಾಗಲೇ ಹಿಂದಿನ ಚಕ್ರ ನಿಂತುಬಿಡುತ್ತದೆ. ಹಿಂದೆ ಎರಡು ಕ್ಯಾನ್ ಹಾಲು, ಪಕ್ಕದಲ್ಲಿ ಲಾರಿ. ಹಾಗೆ ಗಾಡಿ ಹಿಡಿದುಕೊಂಡಂತೆ ಅನಿಸಿದರೆ ತಕ್ಷಣ ಎಡಗೈಯ ಕ್ಲಚ್ ಒತ್ತಿ. ಚಕ್ರ ಬಿಡುತ್ತದೆ. ಇದನ್ನು ಗಾಡಿ ಓಡಿಸುವ ಪ್ರತಿಯೊಬ್ಬರೂ ನೆನಪಿಡಬೇಕು.

ಇನ್ನೊಂದು ಕಾರಣವೂ ಇದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ನೂರಕ್ಕೆ ಇಪ್ಪತ್ತು ಭಾಗ ಇಥನಾಲ್ ಬೆರೆಸಿದ ಪೆಟ್ರೋಲ್ ಬಂಕುಗಳಿಗೆ ಬಂತು. ಇಥನಾಲ್ ಎಂದರೆ ಕಬ್ಬು, ಧಾನ್ಯದಿಂದ ಮಾಡುವ ಸ್ಪಿರಿಟ್. ಅದಕ್ಕೆ ಉರಿಯಲು ಗಾಳಿ ಕಡಿಮೆ ಸಾಕು. ಹಳೆಯ ಗಾಡಿಯ ಹದ ಇದರಿಂದಲೇ ಸ್ವಲ್ಪ ತೆಳುವಾಗುತ್ತದೆ. ಅದರ ಮೇಲೆ ಸಣ್ಣ ಜೆಟ್ ಬೇರೆ ಹಾಕಿದರೆ? ಇಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಹಳೆಯ ರಬ್ಬರ್ ಇದಕ್ಕೆಂದು ಮಾಡಿದ್ದಲ್ಲ, ಉಬ್ಬುತ್ತದೆ, ಬಿರುಕು ಬಿಡುತ್ತದೆ. ಆದ್ದರಿಂದ ಪೆಟ್ರೋಲ್ ಪೈಪನ್ನೂ ಬೆರಳಿನಿಂದ ಬಗ್ಗಿಸಿ ನೋಡಬೇಕು.

"ನಂಗೆ ನೂರೇ ಇರಲಿ" ಎಂದರು ಅಕ್ಕ. ಅಣ್ಣ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, "ಸರಿ ಅಕ್ಕ, ಹಳೇದನ್ನೇ ತೊಳೆದು ಹಾಕೋಣ" ಎಂದರು. ಎಲ್ಲಾ ಗಾಡಿಗೂ 100 ಎಂದು ತಿಳಿಯಬೇಡಿ. ನಿಮ್ಮ ಗಾಡಿಯ ಪುಸ್ತಕದಲ್ಲಿ ಯಾವ ನಂಬರ್ ಇದೆಯೋ ಅದು. ಪುಸ್ತಕ ಇಲ್ಲದಿದ್ದರೆ, ಚೆನ್ನಾಗಿ ಓಡುತ್ತಿದ್ದ ಕಾಲದ ಜೆಟ್ ಮೇಲಿನ ನಂಬರ್. ಗಾಳಿಯ ಜೆಟ್ ಮತ್ತು ಸ್ಲೋ ಜೆಟ್ ನಂಬರುಗಳನ್ನೂ ಹೀಗೇ ಓದಿದೆವು. ಅವು ಸರಿಯಿದ್ದವು.

ಜೆಟ್ ತೊಳೆಯುವಾಗ ಒಂದು ಎಚ್ಚರಿಕೆ. ಪಂಪ್ ಸ್ಟೌಗೆ ಪಿನ್ ಹಾಕಿದ ಹಾಗೆ ಜೆಟ್ಟಿಗೆ ಪಿನ್ ಹಾಕಬಾರದು. ನಾನು ಟಿಸಿಎಚ್ ಓದುವಾಗ ಅಪ್ಪನಿಗೆ ಹೇಳದೆ ಹೊಲಿಗೆ ಸೂಜಿ ಹಾಕಿ ತಿರುಗಿಸಿದ್ದೆ. ಹಿತ್ತಾಳೆ ಮೆತ್ತಗೆ. ತೂತು ದೊಡ್ಡದಾಯಿತು. ಗಾಡಿ ಪೆಟ್ರೋಲ್ ಕುಡಿಯತೊಡಗಿತು. ಅಪ್ಪ ಎರಡು ತಿಂಗಳು ಬಂಕಿನವರನ್ನು ಬೈದರು. ನಾನು ಬಾಯಿ ಬಿಡಲಿಲ್ಲ. ಪೆಟ್ರೋಲಿನಲ್ಲಿ ಅದ್ದಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದರೆ ಸಾಕು. ಸೀಮೆಸುಣ್ಣವೂ ಹೋಗಬೇಕು, ಮರೆಯಬೇಡಿ.

ಆಮೇಲೆ ಹೊಸ ಕಾರ್ಬುರೇಟರಿನ ಮೈ ನೋಡಿದೆವು. ಕಡಿಮೆ ಬೆಲೆಯ ಸಾಮಾನು ಕೆಟ್ಟದ್ದೇ ಎಂದೇನಿಲ್ಲ. ಅಚ್ಚಿನಲ್ಲಿ ಎರಕ ಹೊಯ್ದಿರುತ್ತಾರೆ, ಕೊನೆಯ ನಯಗೆಲಸಕ್ಕೆ ಕೈ ತಾಗಿಸಿರುವುದಿಲ್ಲ. ಆ ಕೆಲಸ ನಾವು ಮಾಡಿಕೊಳ್ಳಬೇಕು. ಅಂಚಿನಲ್ಲಿ ಕೂದಲಿನಂಥ ಲೋಹದ ಎಳೆಗಳಿದ್ದವು. ಒಳಗಿನ ದಾರಿಯಲ್ಲಿ ಲೋಹದ ಪುಡಿ. ಅಕ್ಕ ಎಳೆಗಳನ್ನು ಸಣ್ಣ ಅರದಿಂದ ಸವರಿದರು. ಎಲ್ಲ ದಾರಿಗೂ ಪೆಟ್ರೋಲ್ ಹೊಯ್ದು ಗಾಳಿ ಹೊಡೆದೆವು. ಬಿಳಿ ಪಂಚೆ ಮೇಲೆ ಮಿಣಮಿಣ ಪುಡಿ ಬಿತ್ತು. "ಅಯ್ಯೋ, ಇದೆಲ್ಲ ಎಂಜಿನ್ ಒಳಗೆ ಹೋಗ್ತಿತ್ತಾ?" ಎಂದರು ಅಕ್ಕ.

ತಳ ಮಟ್ಟ ಇದೆಯೇ ಎಂದು ನೋಡುವುದು ತುಂಬಾ ಮುಖ್ಯ. ತಳಕ್ಕೆ ಪೆನ್ಸಿಲ್ಲಿನಿಂದ ಅಡ್ಡ ಉದ್ದ ಗೆರೆ ಎಳೆದೆ. ಒಂದು ಗಾಜಿನ ಹಲಗೆ ಮೇಲೆ ನಯವಾದ ಉಪ್ಪು ಕಾಗದ ಹಾಸಿ, ಅದರ ಮೇಲೆ ಕಾರ್ಬುರೇಟರನ್ನು ಮೆಲ್ಲಗೆ ಉಜ್ಜಿದೆವು. ಬೀಸುವ ಕಲ್ಲಿನ ಹಾಗೆ ಸುತ್ತಿಸಿ, ಒತ್ತದೆ. ಎತ್ತಿ ನೋಡಿದರೆ ನಡುವೆ ಗೆರೆ ಹೋಗಿತ್ತು, ಒಂದು ಮೂಲೆಯಲ್ಲಿ ಹಾಗೇ ಇತ್ತು. ಗೆರೆ ಉಳಿದ ಕಡೆ ತಗ್ಗು. ಅಲ್ಲಿಂದ ಗಾಳಿ ಕದ್ದು ಒಳಗೆ ಹೋಗುತ್ತದೆ. ಗಾಳಿ ಜಾಸ್ತಿಯಾದರೆ ಮತ್ತೆ ಅದೇ ಕಥೆ, ಬಿಸಿ, ಪಿಸ್ಟನ್. ಎಲ್ಲಾ ಗೆರೆ ಹೋಗುವ ತನಕ ಉಜ್ಜಿದೆವು. ಮತ್ತೆ ತೊಳೆದೆವು. ಹಳೆಯ ಪ್ಯಾಕಿಂಗ್ ಎಸೆದು ಹೊಸದು ಹಾಕಿದೆವು.

ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿದೆವು. ಒಳಗೆ ಪೆಟ್ರೋಲ್ ಸೇರಿದ್ದರೆ ಎಳನೀರಿನ ಹಾಗೆ ಸದ್ದು ಬರುತ್ತದೆ. ಹೊಸದರಲ್ಲಿ ಸದ್ದಿಲ್ಲ. ಸೂಜಿಯ ಪರೀಕ್ಷೆ ಸುಲಭ. ಎಲ್ಲಾ ಆರಿ ಒಣಗಿದ ಮೇಲೆ ಫ್ಲೋಟ್ ಇರುವ ಮುಚ್ಚಳವನ್ನು ತಲೆಕೆಳಗು ಹಿಡಿಯಿರಿ. ಫ್ಲೋಟಿನ ಭಾರಕ್ಕೆ ಸೂಜಿ ಮುಚ್ಚಿಕೊಳ್ಳುತ್ತದೆ. ಪೆಟ್ರೋಲ್ ಬರುವ ದಾರಿಗೆ ಒಂದು ಶುದ್ಧ ಪೈಪ್ ಸಿಕ್ಕಿಸಿ ಮೆಲ್ಲಗೆ ಊದಿ. ಗಾಳಿ ಹೋಗಬಾರದು. ಬೆರಳಿನಿಂದ ಫ್ಲೋಟ್ ಎತ್ತಿ ಊದಿದರೆ ಹೋಗಬೇಕು. ಅಕ್ಕ ಊದಿದರು. ಮೊದಲ ಸಲ ಸ್ವಲ್ಪ ಗಾಳಿ ಹೋಯಿತು! ಸೂಜಿ ತೆಗೆದು ನೋಡಿದರೆ ಅದು ಕೂರುವ ಜಾಗದಲ್ಲಿ ಒಂದು ಲೋಹದ ಎಳೆ. ತೆಗೆದು ತೊಳೆದ ಮೇಲೆ ನಿಂತಿತು. ಆ ಎಳೆ ಅಲ್ಲೇ ಇದ್ದಿದ್ದರೆ ಹೊಸ ಕಾರ್ಬುರೇಟರ್ ಹಾಕಿದ ಮೇಲೂ ನಡುಮನೆ ಒದ್ದೆಯಾಗುತ್ತಿತ್ತು.

ಕೂರಿಸುವಾಗ ಎರಡು ಬೋಲ್ಟನ್ನೂ ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಇದಕ್ಕೆ ಅರ್ಧ ಸುತ್ತು, ಅದಕ್ಕೆ ಅರ್ಧ ಸುತ್ತು. ಬಲ ಹಾಕಿ ಬಿಗಿದರೆ ಮೈ ಬಾಗುತ್ತದೆ, ಸ್ಲೈಡ್ ಹಿಡಿಯುತ್ತದೆ. ಬಿಗಿದ ಮೇಲೆ ಆಕ್ಸಿಲರೇಟರ್ ತಿರುಗಿಸಿ ಬಿಡಿ. ಸ್ಲೈಡ್ ಟಕ್ ಎಂದು ಮುಚ್ಚಬೇಕು. ಮುಚ್ಚದಿದ್ದರೆ ಗಾಡಿ ರಸ್ತೆಗೆ ತರಬೇಡಿ. ಕೈ ಬಿಟ್ಟರೂ ಅದು ಓಡುತ್ತಲೇ ಇರುತ್ತದೆ.

ಕೇಬಲ್, ಪೈಪ್ ಸಿಕ್ಕಿಸಿ ಕಾಕ್ ತೆರೆದೆವು. ಗಾಡಿ ಕೆಳಗೆ ಒಂದು ಹಾಳೆ ಒಣ ನ್ಯೂಸ್ ಪೇಪರ್ ಹಾಸಿ, ಅರ್ಧ ಗಂಟೆ ಕಾಫಿ ಕುಡಿದೆವು. ಅಂಗಳದಲ್ಲಲ್ಲ, ಒಳಗೆ. ಬಂದು ನೋಡಿದರೆ ಪೇಪರ್ ಒಣಗೇ ಇತ್ತು. ಅಕ್ಕ ಬಗ್ಗಿ ಅದರ ಮೇಲಿದ್ದ ಸುದ್ದಿಯ ಹೆಡ್ಡಿಂಗನ್ನೂ ಓದಿದರು.

ಹದ ಮಾಡುವ ಸ್ಕ್ರೂ ಒಂದಿದೆ. ಅದನ್ನು ಮೆಲ್ಲಗೆ ಪೂರ್ತಿ ಮುಚ್ಚಿ, ನಂತರ ಒಂದೂವರೆ ಸುತ್ತು ಬಿಚ್ಚಿ ಶುರು ಮಾಡಬೇಕು. ಬಿಚ್ಚಿದರೆ ಪೆಟ್ರೋಲ್ ಹೆಚ್ಚು, ಮುಚ್ಚಿದರೆ ಕಡಿಮೆ. ಗಾಡಿ ಸ್ವಲ್ಪ ಓಡಿಸಿ ಎಂಜಿನ್ ಬಿಸಿಯಾದ ಮೇಲೆ ಕಾಲು ಕಾಲು ಸುತ್ತು ತಿರುಗಿಸಿ ನೋಡಿ. ಸದ್ದು ಎಲ್ಲಿ ಸಮನಾಗಿ ನಿಲ್ಲುತ್ತದೋ ಅಲ್ಲಿ ಬಿಡಿ. ಇದು ಕಿವಿಯ ಕೆಲಸ. ಪುಸ್ತಕದಲ್ಲಿ ಇಷ್ಟೇ ಬರೆಯಬಹುದು.

ನಾಲ್ಕು ದಿನ ಓಡಿಸಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆವು. ಬಿಸಿ ಇರುವಾಗ ಮುಟ್ಟಬಾರದು. ತುದಿ ಮಸಿ ಹಿಡಿದು ಒದ್ದೆಯಾಗಿದ್ದರೆ ಪೆಟ್ರೋಲ್ ಜಾಸ್ತಿ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆ, ಗಾಡಿ ನಿಲ್ಲಿಸಿ ಸರಿ ಮಾಡಿಸಿ. ಅಕ್ಕನದು ಕಾಫಿ ಪುಡಿ ಬಣ್ಣ. ಅದೇ ಬೇಕಾದದ್ದು.

ಮೈಲೇಜ್ ಲೆಕ್ಕವನ್ನು ತರಗತಿಯಲ್ಲಿ ಎಲ್ಲರೂ ಸೇರಿ ಮಾಡಿದೆವು. ದಿನಕ್ಕೆ 20 ಕಿಲೋಮೀಟರ್ ಓಡಿಸಿದರೆ 30 ದಿನಕ್ಕೆ 600. ಲೀಟರಿಗೆ 30 ಕಿಲೋಮೀಟರ್ ಕೊಟ್ಟರೆ 20 ಲೀಟರ್ ಬೇಕು. 40 ಕೊಟ್ಟರೆ 15 ಲೀಟರ್ ಸಾಕು. 5 ಲೀಟರ್ ಉಳಿಯಿತು. ಲೀಟರಿಗೆ ನೂರು ರೂಪಾಯಿ ಎಂದು ಇಟ್ಟುಕೊಂಡರೂ ತಿಂಗಳಿಗೆ 500 ರೂಪಾಯಿ. ಸೋರುವುದು ನಿಂತದ್ದರಿಂದ, ಹದ ಸರಿಯಾದದ್ದರಿಂದ ಉಳಿಯುವ ದುಡ್ಡು ಇದು. ನಿಮ್ಮ ಗಾಡಿ ಲೆಕ್ಕ ನೀವೇ ಮಾಡಿ. ಟ್ಯಾಂಕ್ ತುಂಬಿಸಿ ಮೀಟರ್ ನಂಬರ್ ಬರೆದುಕೊಳ್ಳಿ. ಮತ್ತೆ ತುಂಬಿಸುವಾಗ ಎಷ್ಟು ಲೀಟರ್ ಹಿಡಿಯಿತು, ಎಷ್ಟು ದೂರ ಓಡಿತು ಎಂದು ಬರೆಯಿರಿ. ಓಡಿದ ದೂರವನ್ನು ಲೀಟರಿನಿಂದ ಭಾಗಿಸಿ.

ಈಗಲೂ ಅಕ್ಕ ಗಾಡಿ ನಿಲ್ಲಿಸಿದ ಕೂಡಲೇ ಕಾಕ್ ಮುಚ್ಚುತ್ತಾರೆ. ಸೂಜಿ ಮತ್ತೆ ಸವೆಯುವುದು ಇದ್ದೇ ಇದೆ. ಗಾಡಿಗೆ ಹಿತ್ತಲಲ್ಲಿ ತಗಡಿನ ಮಾಡು ಹಾಕಿಸಿದ್ದಾರೆ, ತಿರುಗಿ ನಡುಮನೆಗೆ ತಂದಿಲ್ಲ. ಮುಂದಿನ ಡಿಕ್ಕಿಯಲ್ಲಿ ಒಂದು ಚೀಟಿ ಇದೆ. ಅಕ್ಕನೇ ಬರೆದದ್ದು. ಅಕ್ಷರ ಸ್ವಲ್ಪ ಸೊಟ್ಟ. ಹೋದ ವಾರ ಗ್ಯಾರೇಜಿನ ಅಣ್ಣ ಇನ್ನೊಂದು ಚೇತಕ್ ಬಿಚ್ಚಿಕೊಂಡು ಕೂತಿದ್ದರಂತೆ. ಜೆಟ್ ಎತ್ತಿ ಹಿಡಿದು, "ಅಕ್ಕ, ಇದರ ನಂಬರ್ ಸ್ವಲ್ಪ ಓದಿ ಹೇಳ್ತೀರಾ?" ಎಂದು ಕೇಳಿದರಂತೆ.

ನಿಮ್ಮ ಮನೆಯಲ್ಲೂ ಇಂಥ ಗಾಡಿ ಇದ್ದರೆ ಈ ಚೀಟಿ ತುಂಬಿಸಿ ಡಿಕ್ಕಿಯಲ್ಲಿಡಿ:

ಪೆಟ್ರೋಲ್ ಜೆಟ್ ನಂಬರ್ ________
ಗಾಳಿ ಜೆಟ್ ನಂಬರ್ ________
ಸ್ಲೋ ಜೆಟ್ ನಂಬರ್ ________
ಹದದ ಸ್ಕ್ರೂ ಎಷ್ಟು ಸುತ್ತು ________
ಸೂಜಿ ಬದಲಿಸಿದ ದಿನ ________